ಒದ್ದರೂ ಮುರಿಯದ ಗಾಡಿ

ಇವತ್ತು ನೀರೊಲೆಯ ಬೂದಿ ತೆಗೆದು ಬಸಳೆಯ ಬುಡಕ್ಕೆ ಹಾಕಿದೆ. ಕಣದಲ್ಲಿ ಹರಡಿದ್ದ ಮೆಣಸಿಗೆ ಎರಡು ಸಲ ಕಾಲಾಡಿಸಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಹುರುಳಿ ಬೇಯಲಿಟ್ಟೆ. ಆನೆಬೇಲಿಯ ಬ್ಯಾಟರಿಯ ಮುಚ್ಚಳ ಬಿಚ್ಚಿ, ನೀರು ತಗ್ಗಿದ್ದ ಕಡೆ ಅಂಗಡಿಯ ಬ್ಯಾಟರಿ ನೀರು ತುಂಬಿದೆ. ಮಧ್ಯಾಹ್ನ ಬಂಗಲೆಗೆ ಹೋಗಿ ಎಸ್ಟೇಟಿನ ಒಡತಿಯಾಗಿದ್ದ ಆಂಟಿಯ ಸಾಮಾನು ಕಟ್ಟಿಕೊಟ್ಟು ಬಂದೆ.

ಆಂಟಿಯ ತಮ್ಮ ಹುದಿಕೇರಿಯಿಂದ ಪಿಕಪ್ ತಂದಿದ್ದರು. ಮಂಚ, ದೀಪ, ಗೋಡೆಯ ಫೋಟೊಗಳು, ಗಾಲ್ಫ್ ಕೋಲುಗಳ ಚೀಲ ಎಲ್ಲ ಏರಿದ ಮೇಲೆ ವರಾಂಡದ ಮೂಲೆಯಲ್ಲಿ ಮೂರು ಚಕ್ರದ ಕಬ್ಬಿಣದ ಗಾಡಿಯೊಂದು ಉಳಿಯಿತು. ಇದೆಂತ ಎಂದು ಕೇಳಿದರು. ಆಟದ ಬಯಲಿನಲ್ಲಿ ಕೋಲಿನ ಚೀಲ ಹೊರುವ ಗಾಡಿ, ಬ್ಯಾಟರಿ ಹಾಕಿದರೆ ತಾನೇ ನಡೆಯುತ್ತದೆ ಎಂದೆ. ಅವರು ಅದರ ಮೈಮೇಲಿನ ತಗ್ಗುಗಳನ್ನು ಒಂದೊಂದಾಗಿ ಸವರಿ ನೋಡಿದರು.

“ಎಲ್ಲಾ ಆನೆ ಮಾಡಿದ್ದಾ?”

“ಇಲ್ಲ, ಈ ದೊಡ್ಡದು ಒಂದು ಆನೇದು. ಮಿಕ್ಕಿದ್ದೆಲ್ಲ ಆಂಟೀವೇ,” ಎಂದೆ.

ಅವರಿಗೆ ನಗು ಬಂತು, ಬಂದದ್ದು ಅರ್ಧಕ್ಕೆ ನಿಂತಿತು. ನೀವೇ ಇಟ್ಕೊಳ್ಳಿ ಎಂದರು.

ಆಂಟಿ ಹೊಡೆಯುತ್ತಿದ್ದರು. ಅವರ ಬಗ್ಗೆ ಏನು ಹೇಳಹೊರಟರೂ ಮೊದಲು ಇದನ್ನು ಹೇಳದೆ ದಾರಿಯಿಲ್ಲ. ಬೈಯುವವರು ಬೇಕಾದಷ್ಟು ಜನರಿದ್ದಾರೆ, ಪಾಲಿಬೆಟ್ಟದ ಸುತ್ತಿನ ಎಸ್ಟೇಟುಗಳಲ್ಲಿ ಬೈಗುಳವಿಲ್ಲದೆ ಬೆಳಗಾಗುವುದಿಲ್ಲ. ಆಂಟಿ ಬೈಯುತ್ತಿದ್ದುದು ಅಪರೂಪ. ಅವರ ಬಾಯಿಗಿಂತ ಕೈ ಮುಂದೆ ಇರುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಮದುವೆಯಾಗಿ ಈ ಎಸ್ಟೇಟಿಗೆ ಬಂದ ದಿನ. ನಮ್ಮ ತಾತನ ಕಾಲಕ್ಕೆ ಹಾಸನ ಬಿಟ್ಟು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು ನಾವು. ಕಾಫಿ ತೋಟದ ರೀತಿ ನೀತಿ ನನಗೆ ಗೊತ್ತಿರಲಿಲ್ಲ. ನನ್ನ ಯಜಮಾನರು ಇಲ್ಲಿ ರೈಟರ್, ಎಂದರೆ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನೋಡುವವರು. ಟ್ರಂಕು ಹಿಡಿದು ಗೇಟಿನೊಳಗೆ ಕಾಲಿಟ್ಟರೆ, ಉದ್ದನೆಯ ಹೆಂಗಸೊಬ್ಬರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಬ್ಬಿಣದ ಕೋಲಿನಲ್ಲಿ ಜೀಪಿನ ಮೂತಿಗೆ ಬಾರಿಸುತ್ತಿದ್ದರು. ಜೀಪು ಸ್ಟಾರ್ಟ್ ಆಗಿರಲಿಲ್ಲ, ಅಷ್ಟೇ. ಒಂದು ದೀಪ ಒಡೆದು ಗಾಜು ನನ್ನ ಕಾಲಿನವರೆಗೆ ಹಾರಿಬಂತು. ಅವರು ತಿರುಗಿ ನೋಡಿ, “ರೈಟರ್ ಹೆಂಡ್ತಿಯಾ? ಟ್ರಂಕ್ ಕೆಳಗಿಡು. ತಳ್ಳೋಕೆ ಬಾ,” ಎಂದರು. ಮದುವೆಯ ಬಳೆ ಕೈಯಲ್ಲಿ ಜೀಪು ತಳ್ಳಿದೆ. ಇಪ್ಪತ್ತು ವರ್ಷದ ಮೇಲಾಯಿತು, ಕಡೆಯವರೆಗೂ ನಾನು ಅವರಿಗೆ ರೈಟರ್ ಹೆಂಡ್ತಿಯೇ.

ಹೊಡೆದ ಮೇಲೆ ಅವರು ಕೈ ತೊಳೆಯುತ್ತಿದ್ದರು. ಮನುಷ್ಯನಿಗಾಗಲಿ ಜೀಪಿಗಾಗಲಿ, ಹೊಡೆದಾದ ಮೇಲೆ ಹಿತ್ತಲ ನಲ್ಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ, ಊಟಕ್ಕೆ ಕೂರುವವರ ಹಾಗೆ ನಿಧಾನವಾಗಿ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಬರುತ್ತಿದ್ದರು. ಅಲ್ಲಿಗೆ ಆ ವಿಷಯ ಮುಗಿಯಿತು. ತಪ್ಪಾಯಿತು ಎಂದವರಲ್ಲ. ಪೆಟ್ಟು ತಿಂದವನ ಮೇಲೆ ಮರುದಿನಕ್ಕೆ ಸಿಟ್ಟು ಉಳಿಸಿಕೊಂಡವರೂ ಅಲ್ಲ. ಅವನಿಗೆ ಉಳಿದಿರಬಹುದು ಎಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ.

ಒಮ್ಮೆ ಮೆಣಸು ಕೊಳ್ಳಲು ಬಂದ ವ್ಯಾಪಾರಿ ತಕ್ಕಡಿಯ ಕೆಳಗೆ ಕಾಲಿನ ಹೆಬ್ಬೆರಳು ಕೊಟ್ಟು ನಿಂತಿದ್ದ. ನನಗೂ ಕಂಡಿತ್ತು, ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಏಟು ಬಿದ್ದಿತ್ತು. ಅವನು ಕಟ್ಟಿಸಿಕೊಂಡ ಹಲ್ಲು ಹಾರಿ ಮೆಣಸಿನ ರಾಶಿಯೊಳಗೆ ಬಿತ್ತು. ಆ ದೊಡ್ಡ ಗಂಡಸು ಮಂಡಿಯೂರಿ ರಾಶಿ ಕೆದಕುತ್ತಿದ್ದರೆ, ಆಂಟಿ ಕೈ ತೊಳೆದು ಬಂದು, “ಹಲ್ಲು ಸಿಕ್ಕಿದ ಮೇಲೆ ಪುನಃ ತೂಗು,” ಎಂದು ಕುರ್ಚಿ ಎಳೆದು ಕೂತರು. ತೂಕ ಸರಿಯಾಗಿ ಬಂತು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಜೀಪಿನ ಬಾಗಿಲಿಗೆ ಸಿಕ್ಕಿದ್ದೋ ಏನೋ ಎಂದುಕೊಂಡಿದ್ದೆ. ಒಂದು ಸಂಜೆ ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ತಾವಾಗಿಯೇ ಹೇಳಿದರು. ಅದು ಅವರ ಗಂಡನ ಕೆಲಸ. ಆತ ಹಿಂದಿನಿಂದ ಸದ್ದಿಲ್ಲದೆ ಬರುತ್ತಿದ್ದರಂತೆ. ಇವರು ಒಲೆಯ ಮುಂದೆ ಇರಲಿ, ಬಟ್ಟೆ ಒಣಹಾಕುತ್ತಿರಲಿ, ಹಿಂದೆ ಹೆಜ್ಜೆ ಕೇಳಿ ತಿರುಗುವಷ್ಟರಲ್ಲಿ ಏಟು. “ಈ ಮನೆಗೆ ಬಂದಾಗ ನನಗೆ ಹೊಡೆಯೋಕೆ ಬರ್ತಿರಲಿಲ್ಲ. ಅವರೇ ಕಲಿಸಿದ್ದು,” ಎಂದರು. ಹೋಳಿಗೆ ಮಾಡುವುದನ್ನು ಅತ್ತೆ ಕಲಿಸಿಕೊಟ್ಟರು ಎನ್ನುವಾಗ ಇರುವಷ್ಟೇ ದನಿ. ಮಕ್ಕಳಿರಲಿಲ್ಲ. ಗಂಡ ಹೃದಯ ನಿಂತು ತೀರಿಕೊಂಡಾಗ ಉಳಿದದ್ದು ಎಸ್ಟೇಟು, ಒಂದು ಕೋವಿ, ಆತನ ಗಾಲ್ಫ್ ಕೋಲುಗಳು.

ಆ ಕೋಲುಗಳನ್ನು ಇವರು ಎತ್ತಿಕೊಂಡರು. ಕ್ಲಬ್ಬಿನ ಗಂಡಸರು ಮೊದಲು ನಕ್ಕರಂತೆ, ಆಮೇಲೆ ಚೆಂಡು ಹೋದ ದೂರ ನೋಡಿ ಸುಮ್ಮನಾದರಂತೆ. ವಾರಕ್ಕೆ ಮೂರು ಬೆಳಿಗ್ಗೆ ಹೋಗಿ ಚೆಂಡಿಗೆ ಹೊಡೆದು ಬರುತ್ತಿದ್ದರು. ಆ ದಿನಗಳಲ್ಲಿ ಎಸ್ಟೇಟು ತಣ್ಣಗೆ. ಇದು ಸಾಲುಮನೆಯವರಿಗೆಲ್ಲ ಗೊತ್ತಿತ್ತು. ಕೂಲಿಯವರ ಮನೆಗಳನ್ನು ಇಲ್ಲಿ ಲೈನು ಎನ್ನುತ್ತಾರೆ. ರಜೆ ಬೇಕಾದವರು, ಗೋಡೆ ಕುಸಿದವರು, ಮಗಳ ಮದುವೆಗೆ ಕೈಸಾಲ ಬೇಕಾದವರು ಆಟದ ದಿನವನ್ನೇ ಕಾಯುತ್ತಿದ್ದರು. ಲೈನಿನ ಮುದುಕಿಯೊಬ್ಬಳು ಬೆಳಿಗ್ಗೆ ಜೀಪಿನ ಸದ್ದು ಕೇಳಿದರೆ ಕೈಮುಗಿಯುತ್ತಿದ್ದಳು.

ಆಟಕ್ಕೆ ಅವರ ಚೀಲ ಹೊರುತ್ತಿದ್ದವನು ನಮ್ಮ ಲೈನಿನ ಮಣಿ. ಮಾತು ಕಮ್ಮಿ, ನಗು ಜಾಸ್ತಿ, ಮೂವತ್ತು ದಾಟಿದ್ದರೂ ಮದುವೆಯಿಲ್ಲ. ಒಂದು ಬೆಳಿಗ್ಗೆ ಹುಲ್ಲಿನಲ್ಲಿ ಆಂಟಿ ಒಂದು ಚೆಂಡಿಗೆ ಕೋಲು ಎತ್ತಿದಾಗ ಅವನು ಹಿಂದಿನಿಂದ ಹತ್ತಿರ ಬಂದು, “ಅಮ್ಮಾ, ಅದು ನಮ್ದು ಬಾಲ್ ಅಲ್ಲ,” ಎಂದ. ಎತ್ತಿದ ಕೋಲು ಹಾಗೇ ಹಿಂದಕ್ಕೆ ತಿರುಗಿತು. ಮುಂಗೈ ಮೂಳೆ ಮುರಿದ ಸದ್ದು ಮುಂದಿನ ಆಟಗಾರರಿಗೂ ಕೇಳಿತಂತೆ. ಆಂಟಿ ಅವನನ್ನು ಎಬ್ಬಿಸಿ, ತಮ್ಮ ಸೆರಗು ಹರಿದು ಕಟ್ಟಿ, ಆಸ್ಪತ್ರೆಗೆ ತಾವೇ ಜೀಪು ಓಡಿಸಿಕೊಂಡು ಹೋದರು. ಆಸ್ಪತ್ರೆಯ ನಲ್ಲಿಯಲ್ಲಿ ಕೈ ತೊಳೆದರು ಎಂದು ಮಣಿ ಆಮೇಲೆ ಹೇಳಿದ. ಮೂಳೆ ಕೂಡಿತು, ಸ್ವಲ್ಪ ಓರೆಯಾಗಿ. ಭಾರ ಎತ್ತಲು ಬಾರದ ಅವನಿಗೆ ಬೇಲಿ ಸುತ್ತಿ ನೋಡುವ ಕೆಲಸ ಕೊಟ್ಟರು.

ಮರುವಾರ ಕ್ಲಬ್ಬಿನಲ್ಲಿ ಚೀಲ ಹೊರುವ ಕ್ಯಾಡಿ ಹುಡುಗರೆಲ್ಲ ಗೇಟಿನ ಹತ್ತಿರ ಕೂತುಬಿಟ್ಟರು. ಈ ಅಮ್ಮನ ಚೀಲ ಯಾರೂ ಮುಟ್ಟುವುದಿಲ್ಲ ಎಂದರು. ಕ್ಲಬ್ಬಿನವರು ಹುಡುಗರ ಪರ ನಿಂತು, ಆಡುವುದಾದರೆ ನಿಮ್ಮ ಚೀಲ ನೀವೇ ಹೊರಬೇಕು ಎಂದು ಆಂಟಿಗೆ ಹೇಳಿದರು. ಅವರು ಹೊತ್ತರು. ಮಳೆಗಾಲ ಶುರುವಾಗುವ ಹೊತ್ತಿಗೆ ಬಲಭುಜ ಎತ್ತಲಾಗದಂತಾಯಿತು. ಡಾಕ್ಟರು, ಆಡಬಹುದು, ಹೊರುವ ಹಾಗಿಲ್ಲ ಎಂದರು.

ಆ ಮಳೆಗಾಲವನ್ನು ಲೈನಿನವರು ಈಗಲೂ ನೆನೆಸಿಕೊಳ್ಳುತ್ತಾರೆ. ಆಂಟಿ ಬಂಗಲೆಯಲ್ಲೇ ಇದ್ದರು. ಅಡುಗೆಯವಳ ಮೇಲೆ ಕುದಿಯುವ ಗಂಜಿಯ ಪಾತ್ರೆ ಬೀಸಿದರು. ಕಾಲು ಬೆಂದು ಅವಳು ಊರಿಗೆ ಹೋದಳು. ಗೊಬ್ಬರದ ಚೀಲ ನೆನೆಸಿದ ಇಬ್ಬರ ಬೆನ್ನಿಗೆ ರೆಂಬೆ ಕತ್ತರಿಸುವ ಕೋಲಿನಲ್ಲಿ ಬಾರಿಸಿದರು. ನಮ್ಮ ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತದೆ ಎಂದು ಬಂಗಲೆಯ ಕಿಟಕಿಯಿಂದಲೇ ಕೋವಿ ಹಿಡಿದು ಗುಂಡು ಹೊಡೆದರು. ನಾನು ಆಗ ಅದಕ್ಕೆ ಅಕ್ಕಿ ನುಚ್ಚು ಹಾಕುತ್ತ ನಿಂತಿದ್ದೆ. ಪುಕ್ಕ ನನ್ನ ತಲೆಗೂದಲಿಗೆಲ್ಲ ಅಂಟಿತ್ತು. “ನೀನು ಸ್ವಲ್ಪ ಆಚೆ ನಿಲ್ಲೋದಲ್ವಾ?” ಎಂದರು ಕಿಟಕಿಯಿಂದ.

ಯಜಮಾನರಿಗೆ ಚಿಂತೆ ಹತ್ತಿತು. ಲೈನಿನ ನಾಲ್ಕು ಮನೆಯವರು ಬೇರೆ ಎಸ್ಟೇಟಿನಲ್ಲಿ ಮಾತಾಡಿಕೊಂಡು ಬಂದಿದ್ದರು. ಡಿಸೆಂಬರಿನಲ್ಲಿ ಹಣ್ಣು ಕೊಯ್ಯುವವರು ಇಲ್ಲದಿದ್ದರೆ ಒಂದು ವರ್ಷದ ಕಾಫಿ ಬುಡಕ್ಕೆ ಉದುರಿ ಹೋಗುತ್ತದೆ. ಆಂಟಿಯನ್ನು ಹೇಗಾದರೂ ಮಾಡಿ ಆಟಕ್ಕೆ ಕಳಿಸಲೇಬೇಕು ಎಂಬುದು ಎಲ್ಲರ ಮಾತಾಯಿತು. ಹೊರುವವರು ಸಿಕ್ಕುವುದಿಲ್ಲ, ಹಾಗಾದರೆ ಹೊರುವ ಯಂತ್ರವೇ ಆಗಲಿ. ಮೊಬೈಲಿನಲ್ಲಿ ಮಿಕ್ಸಿ, ಗೀಸರು ಆರಿಸಿ ತರಿಸುವವಳು ನಾನು. ಈ ಗಾಡಿ ಆರಿಸುವ ಕೆಲಸವೂ ನನ್ನ ಕೊರಳಿಗೆ ಬಿತ್ತು.

ಆಂಟಿ ನಮ್ಮ ಅಡುಗೆಮನೆಗೆ ಬಂದು ಕೂತರು. ನಾನು ಬೆಳ್ಳುಳ್ಳಿ ಸುಲಿಯುತ್ತ ಒಂದೊಂದೇ ತೋರಿಸಿದೆ. ಎಲ್ಲಕ್ಕಿಂತ ದುಬಾರಿಯದು ಸೊಂಟಕ್ಕೆ ಸಿಕ್ಕಿಸಿಕೊಂಡ ಗುಂಡಿಯನ್ನು ನೋಡಿಕೊಂಡು ನಾಯಿಮರಿಯ ಹಾಗೆ ಹಿಂದೆ ಹಿಂದೆ ಬರುತ್ತದೆ. ವಿಡಿಯೊ ನೋಡುತ್ತಲೇ ಅವರ ಮುಖ ಗಂಟಿಕ್ಕಿತು.

“ಹಿಂದೆ ಬರೋದು ಬೇಡ ಮಾರಾಯ್ತಿ. ಹಿಂದೆ ಸದ್ದು ಕೇಳಿದ್ರೆ ನನ್ನ ಕೈ ತಾನೇ ಏಳುತ್ತೆ.”

ಎರಡನೆಯದು ರಿಮೋಟಿನದು. ತೆಳ್ಳಗೆ, ಹಗುರ, ಪುಟ್ಟ ಬ್ಯಾಟರಿ, ಮಡಚಿದರೆ ಸೂಟ್‌ಕೇಸಿನಷ್ಟು. ಅದರ ಬೆಲೆಗೆ ಹಾಲು ಕೊಡುವ ಒಂದು ಒಳ್ಳೆಯ ಹಸು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮೈಯೆಲ್ಲ ಪ್ಲಾಸ್ಟಿಕ್ಕು. ಕೊಂಡವರು ಬರೆದದ್ದನ್ನೆಲ್ಲ ಕೂತು ಓದಿದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಇಳಿಜಾರಿನಲ್ಲಿ ಓಡಿಹೋಗುತ್ತದೆಯೋ, ಕೆಸರಿನಲ್ಲಿ ಚಕ್ರ ಹೂಳುತ್ತದೆಯೋ ಎಲ್ಲ ಬರೆದಿದ್ದರು. ನನಗೆ ಬೇಕಾದದ್ದನ್ನು ಒಬ್ಬರೂ ಬರೆದಿರಲಿಲ್ಲ. ಕಡೆಗೆ ಮಾರುವವನಿಗೆ ಫೋನ್ ಮಾಡಿ, ಒದ್ದರೆ ಮುರಿಯುತ್ತದೆಯೇ ಎಂದು ಕೇಳಿದೆ. ಅವನು, ಯಾರು ಒದೆಯುವುದು ಮೇಡಂ ಎಂದ.

“ಯಾಕೆ, ಕೊಂಡೋರು,” ಎಂದೆ.

ಪಕ್ಕದಲ್ಲಿ ಕೂತಿದ್ದ ಆಂಟಿ ಕಾಫಿ ಮೂಗಿಗೆ ಹತ್ತುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಹಾಗೆ ಗೊತ್ತುಮಾಡಿದ್ದು ಮೂರನೆಯದು, ಎಲ್ಲಕ್ಕಿಂತ ಅಗ್ಗದ್ದು. ಹಳೆಯ ಮಾದರಿ, ಕಬ್ಬಿಣದ ಮೈ, ಅಗಲ ಚಕ್ರ, ಹಿಡಿಯ ಮೇಲೆ ವೇಗದ ತಿರುಪು, ಇಳಿಜಾರಿಗೆ ಕೈಬ್ರೇಕು. ಹಿಂದೆ ಬರುವುದಿಲ್ಲ, ಹಿಡಿದುಕೊಂಡವರ ಮುಂದೆ ಹೋಗುತ್ತದೆ. ಬ್ಯಾಟರಿ ಮಾತ್ರ ದಪ್ಪದ್ದು, ಎರಡು ಕ್ಲಿಪ್ಪು ಸಿಕ್ಕಿಸುವಂಥದ್ದು. ಗೋಣಿಕೊಪ್ಪದ ಬ್ಯಾಟರಿ ಅಂಗಡಿಯವನನ್ನು ಕೇಳಿದಾಗ, ಹನ್ನೆರಡು ವೋಲ್ಟಿನ ಯಾವುದು ಹಾಕಿದರೂ ಓಡುತ್ತದೆ ಎಂದ. ಆರಿಸಿದವಳು ನಾನೇ, ಆ ಆಯ್ಕೆಯಲ್ಲಿ ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ.

ಗಾಡಿ ಬಂದದ್ದು ಕೈಲ್‌ಪೊಳ್ದು ಹಬ್ಬದ ಹಿಂದಿನ ದಿನ. ಕೊಡವರ ಮನೆಗಳಲ್ಲಿ ಹಬ್ಬದ ದಿನ ಕೋವಿ ಕತ್ತಿಗಳಿಗೆ ಪೂಜೆ. ಆಂಟಿ ಕೋವಿಯ ಪಕ್ಕದಲ್ಲಿ ಗಂಡನ ಕೋಲುಗಳನ್ನಿಟ್ಟು, ಗಾಡಿಯನ್ನೂ ನಿಲ್ಲಿಸಿ, ಅದರ ಹಿಡಿಗೂ ಕೆಂಪು ಹಳದಿಯ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಗಂಧ ಹಚ್ಚಿದರು. ವಾರದೊಳಗೆ ಮೊದಲ ತಗ್ಗು ಬಿತ್ತು. ಚೆಂಡು ಕೆರೆಗೆ ಹೋಯಿತಂತೆ, ಗಾಡಿಗೆ ಒದ್ದರಂತೆ. ಆಮೇಲೆ ಅದು ರೂಢಿಯಾಯಿತು. ಗಾಡಿ ಮುರಿಯಲಿಲ್ಲ. ಬೆಳಿಗ್ಗೆ ಅದಕ್ಕೆ ಎಷ್ಟು ಬೀಳುತ್ತಿತ್ತೋ ಲೈನಿಗೆ ಅಷ್ಟು ಕಮ್ಮಿ. ಮುದುಕಿ ಈಗ ಗಾಡಿಗೂ ಕೈಮುಗಿಯತೊಡಗಿದಳು. ಊರಿಗೆ ಹೋಗಿದ್ದ ಅಡುಗೆಯವಳು ವಾಪಸು ಬಂದಳು. ಹೋಗುತ್ತೇವೆ ಎಂದಿದ್ದ ನಾಲ್ಕು ಮನೆಯವರೂ ಉಳಿದರು.

ಕೊಯ್ಲು ಶುರುವಾಗುವಾಗ ಗಾಡಿಯ ಬ್ಯಾಟರಿ ಸೊರಗಿತು. ಹಿಂಗಾರು ಮಳೆಗೆ ಕರೆಂಟಿಲ್ಲದೆ ಆಗಾಗ ಅರೆ ಚಾರ್ಜಿನಲ್ಲೇ ಓಡಿತ್ತಲ್ಲ, ಅರ್ಧ ಆಟಕ್ಕೇ ನಿಲ್ಲುತ್ತಿತ್ತು. ಆಂಟಿ ಕಂಡುಕೊಂಡ ದಾರಿ ಈ ಕಡೆಯವರಿಗೇ ಹೊಳೆಯುವಂಥದ್ದು. ನಮ್ಮ ಎಸ್ಟೇಟಿನ ಕೆಳಬದಿಗೆ ಕಾಡು. ಆನೆ ಬರದಂತೆ ಸೋಲಾರಿನ ತಂತಿಬೇಲಿಯಿದೆ. ಲೈನಿನ ಹಿಂದೆ ತಗಡಿನ ಗೂಡಿನಲ್ಲಿ ಅದರ ಬ್ಯಾಟರಿ, ಹನ್ನೆರಡು ವೋಲ್ಟಿನದು. ಆನೆ ಬರುವುದು ಕತ್ತಲಾದ ಮೇಲೆ, ಆಟ ಬೆಳಿಗ್ಗೆ. ಆಟದ ದಿನ ಅದನ್ನು ಬಿಚ್ಚಿ ಗಾಡಿಗೆ ಹಾಕಿಕೊಂಡು ಹೋಗಿ, ಊಟದ ಹೊತ್ತಿಗೆ ತಂದು ಸಿಕ್ಕಿಸುತ್ತಿದ್ದರು. ಯಜಮಾನರಿಗೆ ಗೊತ್ತಿತ್ತು, ಬೇಲಿ ನೋಡುವ ಮಣಿಗೆ ಗೊತ್ತಿತ್ತು, ಲೈನಿಗೆಲ್ಲ ಗೊತ್ತಿತ್ತು. ಯಾರೂ ಬೇಡವೆನ್ನಲಿಲ್ಲ. ಮುದುಕಿಯ ಮಾತು ಇಷ್ಟೇ: “ಆನೆ ತಿಂಗಳಿಗೆ ಒಂದು ಸಲ ಬರ್ತದೆ. ಅಮ್ಮ ದಿನಾ ಬರ್ತಾರೆ.”

ಡಿಸೆಂಬರಿನ ಒಂದು ಭಾನುವಾರ ಕ್ಲಬ್ಬಿನಲ್ಲಿ ದೊಡ್ಡ ಆಟವಿತ್ತು. ಬೆಳಿಗ್ಗೆ ಹೋದವರು ಬಂದದ್ದು ಹೊತ್ತು ಮುಳುಗುವಾಗ. ಎರಡನೆಯ ಬಹುಮಾನ ಬಂದಿತ್ತು, ಒಂದು ಸ್ಟೀಲ್ ಫ್ಲಾಸ್ಕು. ಜೀಪು ನಮ್ಮ ಮನೆಯ ಮುಂದೆಯೇ ನಿಲ್ಲಿಸಿ, “ತಗೋ ರೈಟರ್ ಹೆಂಡ್ತಿ, ನನಗೆಂತಕ್ಕೆ,” ಎಂದು ನನ್ನ ಕೈಯಲ್ಲಿಟ್ಟರು. ಅವತ್ತು ಅವರು ಯಾರಿಗೂ ಹೊಡೆದಿರಲಿಲ್ಲ, ಗಾಡಿಗೆ ಸಹ ಒದ್ದಿರಲಿಲ್ಲವಂತೆ. ಆಗಲೇ ಕೆಳಗಿನಿಂದ, ಆನೆಗೆ ಪ್ರೀತಿಯ ಬೈನೆಮರ ಸೀಳುವ ಸದ್ದು ಬಂತು. ಬೇಲಿ ಬೆಳಗಿನಿಂದ ಸತ್ತುಬಿದ್ದಿತ್ತು.

ಯಜಮಾನರು, ಈಗ ಬೇಡ ಮೇಡಂ, ಬೆಳಿಗ್ಗೆ ಹಾಕೋಣ, ಲೈನಿನವರಿಗೆ ಹೊರಗೆ ಬರಬೇಡಿ ಎಂದು ಹೇಳಿಕಳಿಸುತ್ತೇನೆ ಎಂದರು.

“ಹೆಂಗಸರು ಕಕ್ಕಸಿಗೆ ಹೊರಗೇ ಹೋಗ್ಬೇಕಲ್ವಾ? ಎಂತ ಹೇಳಿ ನಿಲ್ಲಿಸ್ತಿ?” ಎಂದರು ಆಂಟಿ. “ತೆಗೆದೋಳು ನಾನು. ನಾನೇ ಹಾಕ್ತೇನೆ. ಒಬ್ಬರೂ ಹಿಂದೆ ಬರಬೇಡಿ.”

ಕೆಳಗಿನ ದಾರಿ ಮಳೆಗೆ ಕೊರೆದುಹೋಗಿ ಜೀಪು ಇಳಿಯುವುದಿಲ್ಲ. ಬ್ಯಾಟರಿ ಸಿಕ್ಕಿಸಿದ ಗಾಡಿಯನ್ನೇ ಇಳಿಸಿಕೊಂಡರು, ಚೀಲದಿಂದ ಒಂದು ಕಬ್ಬಿಣದ ಕೋಲು ಎಳೆದುಕೊಂಡರು. ಕಾಫಿಗಿಡಗಳ ನಡುವೆ ಗಾಡಿಯ ಗುಂಯ್ ಸದ್ದು ಸ್ವಲ್ಪ ದೂರದವರೆಗೆ ಕೇಳುತ್ತಿತ್ತು. ಆಮೇಲೆ ಕಿರುಚಿದ್ದು ಆನೆ. ಅಂಥ ದನಿಯನ್ನು ಎದೆ ಕೇಳುತ್ತದೆ, ಕಿವಿಯಲ್ಲ.

ಕೆಳಗೆ ಆದದ್ದನ್ನು ಕಂಡವನು ಮಣಿ ಒಬ್ಬನೇ. ಅವನು ಟಾರ್ಚು ಹಿಡಿದು ಹಿಂದೆ ಹೋಗಿದ್ದ. ಗೂಡು ಹತ್ತಿರವಾದಾಗ ಅವನ ಹೆಜ್ಜೆ ಕೇಳಿ ಆಂಟಿ ತಿರುಗಿದರು, ತಿರುಗಿದ್ದೇ ಕೋಲು ಬೀಸಿದರು. ಏಟು ಭುಜಕ್ಕೆ ಬಿತ್ತು. ಅವನು ಕಾಫಿಸಾಲಿನಲ್ಲಿ ಮಳೆನೀರು ಇಂಗಲು ತೋಡಿದ್ದ ತೊಟ್ಟಿಲುಗುಂಡಿಗೆ ಉರುಳಿದ. ಉರುಳುವಾಗ ಕಂಡಿತು, ಆನೆ ಅವನ ಬೆನ್ನಿಗೇ ಇತ್ತು, ಗಿಡಗಳ ಮರೆಯಲ್ಲಿ. ಅದು ಗುಂಡಿಯ ಪಕ್ಕದಲ್ಲೇ ದಾಟಿ ನೆಟ್ಟಗೆ ಅವರ ಕಡೆ ಹೋಯಿತು. ಆಂಟಿ ಓಡಲಿಲ್ಲವಂತೆ. ಜೀಪಿಗೆ ಬಾರಿಸುತ್ತಿದ್ದ ಹಾಗೆಯೇ ಸೊಂಡಿಲಿಗೆ ಎರಡು ಸಲ ಬಾರಿಸಿದರಂತೆ. ಮೂರನೆಯದಕ್ಕೆ ಕೋಲು ಎತ್ತಿದ್ದನ್ನು ಕಂಡೆ, ಆಮೇಲೆ ಕಣ್ಣು ಮುಚ್ಚಿಕೊಂಡೆ ಎಂದ.

ನಾವು ಪಟಾಕಿ ಹಚ್ಚಿಕೊಂಡು ಇಳಿದು ಹೋಗುವಾಗ ಆನೆ ಹೋಗಿತ್ತು. ಗಾಡಿ ಚರಂಡಿಯಲ್ಲಿ ತಲೆಕೆಳಗಾಗಿ ಬಿದ್ದು ಚಕ್ರ ಇನ್ನೂ ತಿರುಗುತ್ತಿತ್ತು. ಹತ್ತಿರ ಹೋಗುವಷ್ಟರಲ್ಲಿ ಅದು ನಿಂತಿತು. ಒಡೆದ ಬ್ಯಾಟರಿಯ ಆಸಿಡ್ಡು ಸುರಿದು ಹೊಗೆಯಾಡುತ್ತಿತ್ತು. ಆ ಜಾಗದಲ್ಲಿ ಈಗಲೂ ಹುಲ್ಲು ಹುಟ್ಟಿಲ್ಲ. ಆಂಟಿಯನ್ನು ನಾನು ಸೀರೆಯ ಬಣ್ಣದಿಂದ ಗುರುತಿಸಿದೆ. ಎದೆ ನೆಲಕ್ಕೆ ಸಮವಾಗಿತ್ತು. ಕೈಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಮಣ್ಣು ಮೆತ್ತಿತ್ತು ಅಷ್ಟೆ. ಬಂಗಲೆಯ ಅಂಗಳಕ್ಕೆ ತಂದ ಮೇಲೆ ನಾನು ಬಿಸಿನೀರು ತಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ, ಸೊಟ್ಟ ಬೆರಳಿನ ಸಂದಿಯನ್ನೂ ಬಿಡದೆ. ಪಕ್ಕದ ಎಸ್ಟೇಟಿನವರು ಬಂದು ಅವರ ಕ್ರಮದಂತೆ ಸಾವು ಸಾರಲು ಆಕಾಶಕ್ಕೆ ಜೋಡಿ ಗುಂಡು ಹಾರಿಸಿದರು. ಲೈನಿನ ಮುದುಕಿ ಗುಂಡಿನ ಸದ್ದಿಗೆ ಕೈಮುಗಿದಳು. ಅವಳು ಅಳುತ್ತಿದ್ದುದು ನನಗೆ ಆಗ ಆಶ್ಚರ್ಯವಾಗಿತ್ತು.

ಮಣಿಯನ್ನು ಒಂದು ಸಲ ಕೇಳಿದ್ದೇನೆ. ಅವರು ನಿನ್ನ ಹಿಂದಿದ್ದ ಆನೆಯನ್ನು ಕಂಡು ಹೊಡೆದರೋ, ನಿನ್ನ ಹೆಜ್ಜೆ ಕೇಳಿ ಹೊಡೆದರೋ ಎಂದು.

“ಗೊತ್ತಿಲ್ಲ ಅಕ್ಕಾ,” ಎಂದ. “‘ಹೋಗು’ ಅಂದ್ರು. ಅದು ಯಾವಾಗ್ಲೂ ಹೇಳೋದೇ ಅಲ್ವಾ?” ಭುಜ ಸವರಿಕೊಂಡು, “ಈ ಸಲ ಮೂಳೆ ಮುರೀಲಿಲ್ಲ,” ಎಂದ.

ಇವತ್ತು ಪಿಕಪ್ ಹೊರಡುವ ಮೊದಲು ಆಂಟಿಯ ತಮ್ಮ ಚೀಲ ನೋಡಿ, ಒಂದು ಕೋಲು ಕಮ್ಮಿ ಇದೆಯಲ್ಲ ಎಂದರು. ಕಾಡಿನಲ್ಲಿ ಎಲ್ಲಿ ಬಿತ್ತೋ ಎಂದರು ಯಜಮಾನರು. ಮಣಿ ಅಲ್ಲೇ ಮಂಚದ ಹಗ್ಗ ಬಿಗಿಯುತ್ತಿದ್ದ, ತಲೆ ಎತ್ತಲಿಲ್ಲ. ದಿನಾ ಸಂಜೆ ಅವನು ಬೇಲಿ ಸುತ್ತುವಾಗ ಊರಿಕೊಂಡು ಹೋಗುವ ಕೋಲು ನಡುವೆ ಸ್ವಲ್ಪ ಬಾಗಿದೆ. ನಾನು ಆಂಟಿಯ ತಮ್ಮನಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ.

ಗಾಡಿಯನ್ನು ಸಂಜೆ ತಳ್ಳಿಕೊಂಡು ಬಂದೆವು. ತನ್ನದೇ ಹಳೆಯ ಬ್ಯಾಟರಿಯಲ್ಲೇ ಬಾವಿಯಿಂದ ಲೈನಿಗೆ ಎರಡು ಕ್ಯಾನು ನೀರು ಎಳೆಯಿತು. ಬೇಲಿಯ ಹೊಸ ಬ್ಯಾಟರಿ ಮತ್ತು ತಂತಿಗೆ ಕರೆಂಟು ಹಾಯಿಸುವ ಡಬ್ಬಿಯನ್ನು ಆಂಟಿ ಹೋದಂದಿನಿಂದ ನಮ್ಮ ಜಗಲಿಗೆ ತಂದು ಬೀಗ ಹಾಕಿದ್ದೇವೆ. ಚಾವಿ ನನ್ನ ಸೊಂಟದಲ್ಲಿ.

ರಾತ್ರಿ ಮುದ್ದೆ, ಹುರುಳಿ ಸಾರು, ಸುಟ್ಟ ಹಪ್ಪಳ. ಬೇಲಿ ಸುತ್ತಿ ಬಂದ ಮಣಿಯೂ ಅಡುಗೆಮನೆಯ ಮೆಟ್ಟಿಲ ಮೇಲೆ, ಆಂಟಿ ಕೂರುತ್ತಿದ್ದಲ್ಲೇ, ಅಂಗಳದ ಕಡೆ ಮುಖ ಮಾಡಿ ಕೂತು ಉಂಡ. ಎರಡನೇ ಮುದ್ದೆ ಬಡಿಸಲು ಹಿಂದಿನಿಂದ ಹೋದವಳು ಆಂಟಿ ನೆನಪಾಗಿ ಸುತ್ತಿಕೊಂಡು ಅವನ ಮುಂದಿನಿಂದ ಹೋದೆ. ಯಜಮಾನರು ಮೊದಲು ಮಲಗಿದರು. ಜಗಲಿಯ ಡಬ್ಬಿಯಲ್ಲಿ ಬೇಲಿ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ಕೇಳುತ್ತ ನನಗೂ ಕಣ್ಣು ಹತ್ತಿತು.